ಬೋರ್ಡಿಗೆ ಬೆನ್ನು ಹಾಕಿದ ಮೇಷ್ಟ್ರು

ನಮ್ಮ ಪಕ್ಕದ ಮನೆಯ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರ್ ಹೋದ ತಿಂಗಳು ತೀರಿಕೊಂಡರು. ರಿಟೈರ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿಗಳು ಹಾಸನದಲ್ಲೇ ಒಂದು ಕಂಡೋಲೆನ್ಸ್ ಮೀಟಿಂಗ್ ಇಟ್ಟುಕೊಂಡಿದ್ದರು. ನಾನೂ ಹೋಗಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮೈಕ್ ಹಿಡಿದವರೆಲ್ಲ ಹೇಳಿದ್ದು ಒಂದೇ ಮಾತು: ಸರ್ ತುಂಬಾ ಚೆನ್ನಾಗಿ ಪಾಠ ಮಾಡುತ್ತಿದ್ದರು. ಯಾರೂ ಸುಳ್ಳು ಹೇಳಲಿಲ್ಲ. ಹೋದವರ ಬಗ್ಗೆ ಹಾಗೆ ಮಾತಾಡುವುದೇ ಗುಡ್ ಮ್ಯಾನರ್ಸ್. ಆದರೆ ಬದುಕಿದ್ದಾಗ ಆ ಮಾತು ಕಿವಿಗೆ ಬಿದ್ದರೆ ಅವರ ಮುಖ ಹುಳ್ಳಗಾಗುತ್ತಿತ್ತು. 'ಚೆನ್ನಾಗಿದೆ' ಎನ್ನುವುದು ಅವರ ಪ್ರಕಾರ ಉತ್ತರವೇ ಅಲ್ಲ. ಅವರ ಪಾಠದ ಬಗ್ಗೆ ಹುಡುಗರು ನಿಜವಾಗಿ ಏನು ಹೇಳಿದರು ಎನ್ನುವುದನ್ನು ಅವರ ಜೊತೆಗೇ ಊರೂರು ತಿರುಗಿ ಕೇಳಿದವಳು ನಾನು. ಸಭೆಯಲ್ಲಿ ಮಾತಾಡಲು ಕರೆದಾಗ ಬೇಡವೆಂದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು. ರಿಟೈರ್ ಆಗಿ ಎಷ್ಟೋ ಕಾಲವಾಯಿತು. ಅವರು ನನಗಿಂತ ಚಿಕ್ಕವರು. ಬಾಗೂರಿನ ಕಡೆಯ ರೈತರ ಮನೆಯಿಂದ ಬಂದು, ಸ್ಕಾಲರ್‌ಶಿಪ್‌ನಲ್ಲೇ ಓದಿ, ಇಲ್ಲಿ ಯೂನಿವರ್ಸಿಟಿ ಪ್ರೊಫೆಸರ್ ಆದವರು. ಕುಳ್ಳಗಿನ ಆಳು. ತುಟಿ ಮುಚ್ಚುವಂಥ ದಪ್ಪ ಮೀಸೆ. ಷರಟಿನ ಎಡ ಜೇಬಿನ ಅಂಚಿಗೆ ಸದಾ ಚಾಕ್‌ಪೀಸಿನ ಪುಡಿ. ನನ್ನನ್ನು 'ಮೇಡಂ' ಎಂದೂ ಹೆಂಡತಿಯನ್ನು 'ಇವಳೇ' ಎಂದೂ ಕರೆಯುತ್ತಿದ್ದರು. ಆಕೆ ಉಪ್ಸಾರು ಬಡಿಸಿ ಹೇಗಿದೆ ಎಂದು ಕೇಳಿದರೆ, "ಉಪ್ಪು ಹೋದ ವಾರಕ್ಕಿಂತ ಒಂದು ಚೂರು ಜಾಸ್ತಿ, ಖಾರ ಅಷ್ಟೇ ಇದೆ" ಎನ್ನುವರು. ಆಕೆ ಕಾಂಪೌಂಡ್ ಗೋಡೆಯ ಹತ್ತಿರ ಬಂದು, "ನೋಡಿ ಮೇಡಂ, ಈ ಮನುಷ್ಯನಿಗೆ ಹೊಗಳೋಕೂ ಬರಲ್ಲ, ನೆಟ್ಟಗೆ ಬೈಯೋಕೂ ಬರಲ್ಲ" ಎನ್ನುತ್ತಿದ್ದರು.

ಸೆಮಿಸ್ಟರ್ ಕೊನೆಗೆ ಹುಡುಗರು ಮೇಷ್ಟ್ರುಗಳಿಗೆ ಫೀಡ್‌ಬ್ಯಾಕ್ ಕೊಡುವುದು ಈಗಿನ ರೂಢಿ. ಕಂಪ್ಯೂಟರಿನಲ್ಲಿ ಐದಕ್ಕೆ ಎಷ್ಟು ಅಂತ ಒತ್ತಬೇಕು. ಒಂದು ಸಾಯಂಕಾಲ ಗೋಡೆಯ ಆಚೆ ಅವರು ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು. ಏನಾಯಿತೆಂದು ಕೇಳಿದೆ.

"ಎಲ್ರೂ ಐದಕ್ಕೆ ಐದು ಕೊಟ್ಟವ್ರೆ ಮೇಡಂ."

"ಕಂಗ್ರಾಜುಲೇಷನ್ಸ್."

"ಏನು ಕಂಗ್ರಾಜುಲೇಷನ್ಸ್? ಊರಿನ ಎಲ್ಲ ಮನೆ ಸಾರೂ ಒಂದೇ ರುಚಿ ಅಂದ್ರೆ ಏನರ್ಥ? ಯಾರೂ ರುಚಿ ನೋಡಿಲ್ಲ ಅಂತ. ಮೇಷ್ಟ್ರಿಗೆ ಕಡಿಮೆ ನಂಬರ್ ಕೊಟ್ರೆ ಪಾಪ ಬರ್ತದೆ ಅಂತ ಅವ್ವಂದಿರು ಹೇಳಿಕೊಟ್ಟಿರ್ತಾರೆ. ಜೊತೆಗೆ ಅವರ ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ."

ಆಮೇಲೆ ಅವರು ಕಂಡುಕೊಂಡ ಉಪಾಯ ಯಾವ ಯೂನಿವರ್ಸಿಟಿಯಲ್ಲೂ ಇರಲಾರದು. ಖಾಲಿಯಾದ ಉಪ್ಪಿನಕಾಯಿ ಜಾಡಿ ತೊಳೆದು, ಕ್ಲಾಸಿನ ಅಷ್ಟೂ ಹುಡುಗ ಹುಡುಗಿಯರ ಹೆಸರು ಬರೆದ ಚೀಟಿ ಅದರೊಳಗೆ ಹಾಕಿದರು. ರಜೆಯ ದಿನ ಹೆಂಡತಿಯ ಕೈಯಲ್ಲಿ ಒಂದು ಎತ್ತಿಸುವುದು. ಬಂದ ಹೆಸರಿನವರ ಮನೆಗೆ ಹೋಗುವುದು. ಮಗ ಅಥವಾ ಮಗಳು ಮನೆಯಲ್ಲಿ ತಮ್ಮ ಪಾಠವನ್ನು ಹೇಗೆ ಬೈಯುತ್ತಾರೆ ಎಂದು ಮನೆಯವರನ್ನೇ ಕೇಳುವುದು. ಕಾಲೇಜಿನಲ್ಲಿ ಹೇಳದ ಮಾತನ್ನು ಊಟ ಮಾಡುವಾಗ ಹೇಳಿಯೇ ಇರುತ್ತಾರೆ ಎನ್ನುವುದು ಅವರ ನಂಬಿಕೆ. ಒಂದೇ ರೂಲು: ಯಾರ ಹೆಸರು ಬಂದರೂ, ಎಷ್ಟು ದೂರವಾದರೂ ಹೋಗಲೇಬೇಕು. ಇನ್ನೊಂದು ಚೀಟಿ ಎತ್ತುವ ಹಾಗಿಲ್ಲ. ಹೆಣ್ಣುಮಕ್ಕಳ ಮನೆಗೆ ಗಂಡಸೊಬ್ಬರೇ ಹೋಗುವುದು ಸರಿಯಲ್ಲ, ಅವರ ಹೆಂಡತಿಗೆ ಬಸ್ ಹತ್ತಿದರೆ ವಾಂತಿ. ಹೀಗೆ ಆ ಡ್ಯೂಟಿ ನನ್ನ ಪಾಲಿಗೆ ಬಂತು. ಬೆಳ್ಳಿ ಕೂದಲಿನ ಹೆಂಗಸು ಜೊತೆಗಿದ್ದರೆ ಎಲ್ಲರ ಮನೆ ಬಾಗಿಲೂ ತೆರೆಯುತ್ತದೆ. ಮನೆಯಲ್ಲಿ ಒಬ್ಬಳೇ ಟಿವಿ ನೋಡುತ್ತಾ ಕೂರುವುದಕ್ಕಿಂತ ನನಗೂ ಅದು ಎಷ್ಟೋ ವಾಸಿಯೆನಿಸಿತು.

ಹೊಳೆನರಸೀಪುರದಲ್ಲಿ ಒಬ್ಬ ಹುಡುಗನ ಅಜ್ಜಿ, "ನಿನ್ನ ಹೆಸರೇ ಎತ್ತಲ್ಲ ಕಣಪ್ಪ ನಮ್ಮುಡ್ಗ, ನೀನ್ಯಾರು ಅಂತ್ಲೂ ನಂಗೊತ್ತಿಲ್ಲ" ಎಂದಳು. ವಾಪಸ್ಸು ಬರುವಾಗ ಪ್ರೊಫೆಸರ್, "ಇದೂ ಒಂದು ಒಪೀನಿಯನ್ನೇ" ಎಂದರು. ಶೆಟ್ಟಿಹಳ್ಳಿಯ ಹುಡುಗ ರಜೆಯಲ್ಲಿ ಹಿನ್ನೀರಿನ ಪಾಳು ಚರ್ಚಿನ ಹತ್ತಿರ ಸೌತೆಕಾಯಿ, ಚುರುಮುರಿ ಮಾರುತ್ತಿದ್ದ. ಅವನ ಅಕ್ಕ ಮುಲಾಜಿಲ್ಲದೆ, "ನಿಮ್ಮ ಪಿರೀಡ್ ಮಧ್ಯಾಹ್ನ ಊಟ ಆದ್ಮೇಲೆ ಇರ್ಬಾರ್ದಂತೆ ಸಾ, ನಿದ್ದೆ ಬತ್ತದಂತೆ" ಎಂದಳು. ಮಾರನೆಯ ವಾರವೇ ಅವರು ಟೈಮ್‌ಟೇಬಲ್ ಬದಲಾಯಿಸಿಕೊಂಡರು.

ಅರಕಲಗೂಡಿನ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ರೈತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದ. ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಬಂದು ನಮಗೆ ಮಂಚ ತೋರಿಸಿದ. "ಬೈಯೋದಿಲ್ಲ ಸಾ. ಆದ್ರೆ ನಿಮ್ಮಂಗೇ ಮಾಡಿ ತೋರುಸ್ತಾನೆ. ಅಟ್ಟಿ ಮಂದಿ ಎಲ್ಲ ಬಿದ್ದು ಬಿದ್ದು ನಗ್ತಾರೆ" ಎಂದ.

ಹುಡುಗ ಅಲ್ಲೇ ಇದ್ದ. "ಅಪ್ಪಾ, ಸುಮ್ಕಿರು" ಎಂದು ತಲೆ ತಗ್ಗಿಸಿದ.

"ಮಾಡೋ, ನೋಡಾಣ" ಎಂದರು ಪ್ರೊಫೆಸರ್. "ಇಷ್ಟು ದೂರ ಬಂದಿದೀನಿ, ಟಿಕೆಟ್ ಹಾಕ್ಸಿಕೊಂಡು. ಮೇಡಂ ಆದ್ರೆ ಫ್ರೀ."

ಕೊನೆಗೆ ಹುಡುಗ ಎದ್ದ. ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ, ಗೋಡೆಯ ಮೇಲೆ ಬರೆಯುವ ಹಾಗೆ ಕೈ ಆಡಿಸುತ್ತಾ, ಗೋಡೆಗೇ ಏನೇನೋ ಗೊಣಗಿದ. ಬಹಳ ಹೊತ್ತಿನ ಮೇಲೆ ಗಕ್ಕನೆ ತಿರುಗಿ, "ಕ್ಲಿಯರ್?" ಎಂದ. ಐ ಮಸ್ಟ್ ಸೇ, ಥೇಟ್ ಅವರೇ. ನಾನು ನಕ್ಕೆ, ಅವರಪ್ಪ ನಕ್ಕ, ಎಲ್ಲರಿಗಿಂತ ಜೋರಾಗಿ ಪ್ರೊಫೆಸರೇ ನಕ್ಕರು. 'ಕ್ಲಿಯರ್' ಎನ್ನುವ ಮಾತೇ ತಮಾಷೆಯೆಂದು ತಿಳಿದು, ಅದನ್ನು ಬಿಟ್ಟುಬಿಡುತ್ತೇನೆಂದು ಬಸ್ಸಿನಲ್ಲಿ ನನಗೆ ಮಾತು ಕೊಟ್ಟರು. ಬಿಟ್ಟರು ಕೂಡ.

ಅದಾದ ಮೇಲೆ ಬಂದ ಚೀಟಿ ನುಗ್ಗೇಹಳ್ಳಿಯ ಪವಿತ್ರಳದು. ಎಂಎಸ್ಸಿ ಮೊದಲ ವರ್ಷದ ಹುಡುಗಿ, ಎರಡನೇ ಸೆಮಿಸ್ಟರಿನ ನಡುವೆ ಕ್ಲಾಸಿಗೆ ಬರುವುದನ್ನೇ ನಿಲ್ಲಿಸಿದ್ದಳು. "ಅವಳು ಬಿಟ್ಟುಹೋದಳಲ್ಲ, ಇನ್ನೊಂದು ಎತ್ತಲಾ?" ಎಂದರು ಹೆಂಡತಿ.

"ಬ್ಯಾಡ. ಬಿಟ್ಟುಹೋದೋರನ್ನ ಬಿಟ್ಟು ಉಳಿದೋರನ್ನೇ ಕೇಳ್ತಿದ್ರೆ ನನ್ನ ಪಾಠ ಯಾವತ್ತೂ ಚೆನ್ನಾಗೇ ಇರ್ತದೆ" ಎಂದರು ಅವರು.

ಶುಕ್ರವಾರ, ಯಾವುದೋ ಸರ್ಕಾರಿ ರಜೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ನುಗ್ಗೇಹಳ್ಳಿಗೆ ಇನ್ನೊಂದು. ಕಾನ್ವೆಂಟ್ ಸಿಸ್ಟರ್‌ಗಳು ನನಗೆ ಇಂಗ್ಲಿಷ್ ಕಲಿಸಿದರು. ಆದರೆ ಇನ್ನೊಬ್ಬರ ಮನೆಗೆ ಕೈ ಬೀಸಿಕೊಂಡು ಹೋಗಬಾರದು ಎಂದು ಕಲಿಸಿದ್ದು ನಮ್ಮಮ್ಮ. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ತೆಗೆದುಕೊಂಡೆ. ಇಸ್ತ್ರಿ ಮಾಡಿದ ಸಿಲ್ಕ್ ಕಾಟನ್ ಸೀರೆ ಉಟ್ಟಿದ್ದೆ. ಅವರು ಬಿಳಿ ಷರಟು ಹಾಕಿದ್ದರು. ನಮ್ಮಿಬ್ಬರನ್ನು ನೋಡಿದವರಿಗೆ ಏನನಿಸಬಹುದು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಹುಡುಗಿಯ ತಾಯಿ ಜಯಮ್ಮ ಜಗುಲಿಯ ಮೇಲೆ ಕೊಬ್ಬರಿ ಬಿಡಿಸುತ್ತಾ ಕೂತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತಮ್ಮನೇ ಮನೆಯ ಯಜಮಾನಿಕೆ ನೋಡುತ್ತಿದ್ದ. ಪ್ರೊಫೆಸರ್ ಕೈ ಮುಗಿದು, "ಹಾಸನದಿಂದ ಬಂದ್ವಿ. ನಾನು ಮೇಷ್ಟ್ರು. ನಿಮ್ಮ ಮಗಳ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಎಂದರು. ಜಯಮ್ಮ ನನ್ನ ಕೈಯ ಹೂವು ಹಣ್ಣು ನೋಡಿದಳು. ತಟ್ಟನೆ ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ಓಡಿದಳು. ಆಮೇಲೆ ನಮಗೆ ತಿಳಿದದ್ದು: ಆ ವಾರ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರಬೇಕಿತ್ತು. ದಿನ ಇಂಥದ್ದೇ ಎಂದು ಹೇಳಿರಲಿಲ್ಲ. ಮೊದಲು ಗಂಡಿನ ದೊಡ್ಡಪ್ಪ ಬರುತ್ತಾರೆ, ಅವರು ಮೇಷ್ಟ್ರು, ಎಂದಷ್ಟೇ ಮಧ್ಯಸ್ಥರು ತಿಳಿಸಿದ್ದರಂತೆ.

ಹಿತ್ತಲಲ್ಲಿದ್ದ ಹುಡುಗಿಯನ್ನು ಹಿಂದಿನ ಬಾಗಿಲಿನಿಂದಲೇ ಒಳಗೆ ಕರೆದುಕೊಂಡರು. ಚಾಪೆ ಬಂತು, ನೀರು ಬಂತು. ಅಕ್ಕಪಕ್ಕದ ಹೆಂಗಸರು ನಾಲ್ಕೈದು ಜನ ಬಾಗಿಲ ಬಳಿ ಬಂದು ನಿಂತರು. ಸೋದರಮಾವ ಬುಷ್ ಷರಟು ಹಾಕಿಕೊಂಡು ಬಂದು ಎದುರಿಗೆ ಕೂತ.

"ಪಾಠದ ಬಗ್ಗೆ ಏನಾದ್ರೂ ಹೇಳ್ತಾಳಾ ನಿಮ್ಮುಡುಗಿ?" ಎಂದರು ಪ್ರೊಫೆಸರ್.

"ಓದು ಬುಡ್ಸಿದೀವಿ ಸಾ. ಅದ್ರ ಯೋಚ್ನೆ ನಿಮ್ಗೆ ಬ್ಯಾಡ."

"ಯಾಕೆ ಬಿಡ್ಸಿದ್ರಿ? ಓದ್ಬೇಕಲ್ಲ ಅವಳು."

ಸೋದರಮಾವನ ಮುಖ ಅರಳಿತು. "ನಿಮ್ಗೆ ಓದಿರೋಳೇ ಬೇಕು ಅಂದ್ರೆ ನಮ್ಮದೇನೂ ಅಭ್ಯಂತ್ರ ಇಲ್ಲ. ಆಮ್ಯಾಕೆ ನೀವೇ ಓದುಸ್ಕಳಿ. ಹುಡ್ಗಿ ಬಲೇ ಸಾದು ಸಾ. ಒಂದು ಮಾತು ಎದುರಾಡಲ್ಲ. ನಾವು ಕರುದ್ರೂ ಎಲ್ಡು ಸಲ ಕರೀಬೇಕು, ಅಷ್ಟು ಸಾದು."

"ನಾನು ಹೇಗೆ ಓದಿಸಲಿ? ಅವಳು ಬರ್ಬೇಕಲ್ಲ" ಎಂದರು ಪ್ರೊಫೆಸರ್, ಪೂರಾ ಸೀರಿಯಸ್ಸಾಗಿ.

"ಬತ್ತಾಳೆ, ಬತ್ತಾಳೆ. ಶಾಸ್ತ್ರ ಮುಗೀಲಿ."

ಪರದೆಯ ಸಂದಿಯಲ್ಲಿ ಯಾರೋ ಹುಡುಗಿಗೆ ಜರಿ ಸೀರೆಯ ನೆರಿಗೆ ಹಿಡಿಯುವುದು ನನಗೆ ಕಂಡಿತು. ಆಗ ಅರ್ಥವಾಯಿತು. ಎಕ್ಸ್‌ಕ್ಯೂಸ್ ಮಿ ಎಂದು ಬಾಯಿ ತೆರೆಯುವಷ್ಟರಲ್ಲಿ ಪವಿತ್ರ ಕಾಫಿ ತಟ್ಟೆ ಹಿಡಿದು ಬಂದೇಬಿಟ್ಟಳು. ತಲೆ ಎತ್ತಿ ನೋಡಿದವಳು ಹಾಗೇ ನಿಂತಳು. ಲೋಟ ಓಲಾಡಿತು. ಮೊದಲು ಅವಳಿಗೆ ನಗು ಬಂತು.

"ಯಾಕೇ, ಇವ್ರು ಗೊತ್ತಾ?" ಎಂದಳು ಜಯಮ್ಮ.

"ನಮ್ಮ ಸ್ಟಾಟ್ಸ್ ಸಾ ಕಣವ್ವ."

ಸೋದರಮಾವ ಎದ್ದು ನಿಂತ. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಬೇರೆ ಯಾರಾದರೂ ಆಗಿದ್ದರೆ ಸಾರಿ ಹೇಳಿ, ಕಾಫಿ ಕುಡಿದು ಎದ್ದುಬಿಡುತ್ತಿದ್ದರು. ಇವರಿಗೆ ತಾವು ಬಂದ ಕೆಲಸ ಇನ್ನೂ ಆಗಿರಲಿಲ್ಲ.

"ಯಾಕಮ್ಮ ಬಿಟ್ಟೆ? ನನ್ನ ಪಾಠ ಸರಿಯಿಲ್ವಾ?"

"ಚೆನ್ನಾಗದೆ ಸಾ."

"ಚೆನ್ನಾಗದೆ ಅನ್ನೋದನ್ನ ಕೇಳೋಕೆ ನಾನು ಎರಡು ಬಸ್ ಹತ್ತಿ ಬರ್ಬೇಕಿತ್ತಾ?"

ಹುಡುಗಿ ತಾಯಿಯ ಕಡೆ ನೋಡಿದಳು, ಬಾಗಿಲಲ್ಲಿದ್ದವರನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು. "ನೀವು ಬೋರ್ಡ್ ಕಡೆ ತಿರುಕ್ಕಂಡು ಹೇಳ್ತೀರ ಸಾ. ನಂಗೆ ಮೊಕ ಕಾಣ್ಬೇಕು. ಬಾಯಿ ಕಾಣ್ದಿದ್ರೆ ನಂಗೆ ಕೇಳ್ಸಲ್ಲ."

"ಸುಮ್ಕಿರೇ" ಎಂದಳು ಜಯಮ್ಮ.

"ಚಿಕ್ಕೋಳಿದ್ದಾಗ ಕಿವಿ ಸೋರ್ತಿತ್ತು ಸಾ. ಒಂದು ಪೂರಾ ಇಲ್ಲ, ಇನ್ನೊಂದು ಅರ್ಧ. ಡಿಗ್ರೀಲಿ ಮೇಷ್ಟ್ರ ಮೊಕ ನೋಡ್ಕಂಡೇ ಪಾಸಾದೆ. ನಿಮ್ಮ ಕ್ಲಾಸಲ್ಲಿ ಆಗ್ನಿಲ್ಲ."

ಜಯಮ್ಮ ಬಾಗಿಲಲ್ಲಿದ್ದ ಹೆಂಗಸರ ಕಡೆ ತಿರುಗಿ ನೋಡಿದಳು. ಊರಿನವರಿಗೆ ಅವಳು ಜಂಬದ ಹುಡುಗಿ, ಕರೆದರೆ ತಿರುಗಿ ನೋಡುವುದಿಲ್ಲ, ಎಂದಷ್ಟೇ ಗೊತ್ತಿತ್ತಂತೆ. ಮದುವೆ ಆಗುವ ತನಕ ಅದು ಹಾಗೇ ಇರಲಿ ಎಂದು ತಾಯಿ ಕಾಪಾಡಿಕೊಂಡು ಬಂದಿದ್ದಳು. ಈಗ ಬಾಗಿಲ ತುಂಬಾ ಜನ. ನಾನು ಬಾಳೆಹಣ್ಣು, ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದೆ.

ಬರುವಾಗ ಪ್ರೊಫೆಸರ್ ಚನ್ನರಾಯಪಟ್ಟಣದಲ್ಲಿ ಬಸ್ ಕಾಯುವಾಗ ಕಡಲೆಕಾಯಿ ಕೊಂಡರು, ತಿನ್ನಲಿಲ್ಲ. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ಆ ಅರಕಲಗೂಡಿನ ಹುಡುಗ ತೋರಿಸಿದ್ನಲ್ಲ ಮೇಡಂ. ಗೋಡೆ ಕಡೆ ತಿರುಗಿದ್ದನ್ನೇ ತೋರಿಸಿದ್ದು ಅವನು. ನಾನೂ ನಕ್ಕೆ" ಎಂದರು.

ಆ ಮೇಲಿನ ದಿನಗಳಲ್ಲಿ ಅವರ ಮನೆಯ ಟಿವಿ ಮೂಕವಾಯಿತು. ಸೌಂಡ್ ತೆಗೆದು ವಾರ್ತೆ ಓದುವವರ ಬಾಯಿಯನ್ನೇ ನೋಡುತ್ತಾ ಕೂರುವರು. ಹೆಂಡತಿ ಧಾರಾವಾಹಿಯ ಹೊತ್ತಿಗೆ ನಮ್ಮ ಮನೆಗೆ ಬರತೊಡಗಿದರು. ಒಂದು ಬೆಳಗ್ಗೆ ಪೇಪರ್ ತೆಗೆದುಕೊಳ್ಳಲು ಹೊರಗೆ ಬಂದರೆ, ಗೋಡೆಯ ಆಚೆ ಮೀಸೆಯಿಲ್ಲದ ಗಂಡಸೊಬ್ಬ ನಿಂತಿದ್ದ. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಮೀಸೆ ಇರೋರು ಏನ್ ಓದ್ತಾರೋ ಒಂದೂ ತಿಳಿಯಲ್ಲ ಮೇಡಂ. ಮೇಲಿನ ತುಟಿ ಪೂರಾ ಮರೆ" ಎಂದರು, ಪ್ರಯೋಗದ ಫಲಿತಾಂಶ ಹೇಳುವವರ ಹಾಗೆ.

ಹೆಂಡತಿ ಒಳಗಿನಿಂದ, "ಮದುವೆ ಮಾಡ್ಕೊಂಡಾಗಿಂದ ಬೇಡಿಕೊಂಡೆ, ತೆಗೀಲಿಲ್ಲ. ಯಾವುದೋ ಹುಡುಗಿ ಕಿವಿಗೋಸ್ಕರ ತೆಗೆದ್ರು" ಎಂದು ಕೂಗಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಪಾಠ ಮಾಡುವ ರೀತಿಯೂ ಬದಲಾಯಿತು. ಮೊದಲು ಮಾತಿಲ್ಲದೆ ಬೋರ್ಡಿನ ಮೇಲೆ ಬರೆಯುವುದು, ಚಾಕ್ ಕೆಳಗಿಡುವುದು, ತಿರುಗುವುದು, ಆಮೇಲೆ ಮಾತು. ಅಭ್ಯಾಸ ಬಲದಿಂದ ತಿರುಗದೆ ಬಾಯಿ ತೆರೆದರೆ ಮುಂದಿನ ಬೆಂಚಿನವನು ಡೆಸ್ಕ್ ಕುಟ್ಟಬೇಕೆಂದು ತಾವೇ ಹೇಳಿದ್ದರಂತೆ. ಆ ಸಲದ ಫೀಡ್‌ಬ್ಯಾಕಿನಲ್ಲಿ ಐದಕ್ಕೆ ಐದು ಕೊಟ್ಟವರು ಕಡಿಮೆ. ಸರ್ ಸ್ಲೋ ಆಗಿದ್ದಾರೆ, ಸಿಲಬಸ್ ಮುಗಿಸಲಿಲ್ಲ, ಮೀಸೆ ಇದ್ದರೇ ಚೆನ್ನಾಗಿತ್ತು, ಎಂದೆಲ್ಲ ಬರೆದಿದ್ದರು. ಹುಡುಗರು ಕೊನೆಗೂ ಬಾಯಿ ಬಿಟ್ಟರಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರು ತಲೆ ಆಡಿಸಿದರು, ಮನಸ್ಸು ಅಲ್ಲಿರಲಿಲ್ಲ. ಯಾರಿಗೋಸ್ಕರ ತಿರುಗಿದರೋ ಅವಳು ಕ್ಲಾಸಿನಲ್ಲಿ ಇರಲಿಲ್ಲ.

ಗಂಡಿನ ಕಡೆಯವರು ಬರಲೇ ಇಲ್ಲ. ನುಗ್ಗೇಹಳ್ಳಿಯ ಮಾತು ಅವರ ಊರಿಗೆ ತಲುಪಲು ಎಷ್ಟು ಹೊತ್ತು ಬೇಕು? ಕ್ಲಾಸಿನ ಹುಡುಗಿಯೊಬ್ಬಳಿಂದ ಅದನ್ನು ಕೇಳಿ ನಾವಿಬ್ಬರೂ ಮತ್ತೆ ಹೋದೆವು. ಈ ಸಲ ನಾನು ಏನನ್ನೂ ಕೊಳ್ಳಲಿಲ್ಲ. ಜಯಮ್ಮ ಕೂರಿ ಎನ್ನಲಿಲ್ಲ.

"ನಿಮ್ಮಿಂದ ಸಂಬಂಧ ತಪ್ಪೋಯ್ತು" ಎಂದಳು. "ಮೂರು ಜನ ಕೇಳ್ತಿದ್ರು, ಈಗ ಒಬ್ರೂ ಇತ್ಲಾಗೆ ತಲೆ ಹಾಕ್ತಿಲ್ಲ. ಏನು ಮಾಡ್ಲಿ ಇವಳ್ನ? ನೀವು ಬಂದು ಏನೋ ಕೇಳುದ್ರಿ, ಇವಳು ಏನೋ ಹೇಳುದ್ಲು. ನಂಗೆ ಉಳುದಿದ್ದೇನು?"

"ತಪ್ಪಾಯ್ತಮ್ಮ. ಓದೋಕೆ ಕಳಿಸಿ. ಅದೊಂದು ನನ್ನ ಕೈಲಾಗೋದು."

"ಓದುಸ್ದೆ ಅಂದ್ಕಳಿ. ಅಲ್ಲೂ ಕೇಳುಸ್ನಿಲ್ಲ ಅಂತ ವಾಪಸ್ ಬಂದ್ರೆ? ಅತ್ಲಾಗೆ ಮದ್ವೇನೂ ಇಲ್ಲ, ಇತ್ಲಾಗೆ ಓದೂ ಇಲ್ಲ. ನಿಮ್ಮ ಮಾತು ಹೆಂಗೆ ನಂಬ್ಲಿ?"

"ನಂಬಬೇಡಿ" ಎಂದರು ಪ್ರೊಫೆಸರ್. "ಬಂದು ನೋಡಿ."

ಜಯಮ್ಮ ಕತ್ತಿ ತೆಗೆದುಕೊಂಡು ಕೊಬ್ಬರಿಯ ಕಡೆಗೆ ತಿರುಗಿದಳು. ಹುಡುಗಿ ನಮ್ಮನ್ನು ರಸ್ತೆಯ ತನಕ ಕಳಿಸಲು ಬಂದಳು. ಅವರ ಮುಖವನ್ನೇ ದಿಟ್ಟಿಸಿ, "ಮೀಸೆ" ಎಂದಳು. ಅವರು ಹೌದೆಂದು ತಲೆ ಆಡಿಸಿದರು. ಅಷ್ಟೇ ಮಾತು.

ನಾವು ಆಸೆ ಬಿಟ್ಟಿದ್ದೆವು. ಒಂದು ಬುಧವಾರ ತಾಯಿ ಮಗಳಿಬ್ಬರೂ ಮೊದಲ ಬಸ್ಸಿಗೇ ಹಾಸನಕ್ಕೆ ಬಂದುಬಿಟ್ಟರು. ಪ್ರೊಫೆಸರ್ ನನಗೆ ಫೋನ್ ಮಾಡಿ, "ಮೇಡಂ, ಬೇಗ ಬನ್ನಿ. ಅವರ ಜೊತೆ ಕೂತ್ಕೊಳ್ಳೋಕೆ ಯಾರಾದ್ರೂ ಬೇಕು" ಎಂದರು. ಅವರ ಧ್ವನಿ ನಡುಗುತ್ತಿತ್ತು. ಅಷ್ಟು ವರ್ಷ ಪಾಠ ಮಾಡಿದ ಮನುಷ್ಯನ ಧ್ವನಿ. ನಾನು ಆಟೋ ಹಿಡಿದು ಹೋದೆ. ಡಿಪಾರ್ಟ್‌ಮೆಂಟ್ ಮುಂದೆ ಜಯಮ್ಮ ಬಟ್ಟೆ ಚೀಲ ಎದೆಗೆ ಅವುಚಿಕೊಂಡು ನಿಂತಿದ್ದಳು.

"ಬಸ್ ಫ್ರೀ ಅಲ್ವಾ, ನೋಡೇ ಬುಡಾನ ಅಂತ ಬಂದೆ" ಎಂದಳು, ನಾನೇನೂ ಕೇಳದಿದ್ದರೂ.

ಪವಿತ್ರ ಹೋಗಿ ಮೂರನೇ ಬೆಂಚಿನಲ್ಲಿ ಕೂತಳು. ಮುಂದೆ ಜಾಗವಿತ್ತು, ಹೋಗಲಿಲ್ಲ. ಜಯಮ್ಮ ಮತ್ತು ನಾನು ಕೊನೆಯ ಬೆಂಚಿನಲ್ಲಿ. ಹುಡುಗರು ತಿರುಗಿ ತಿರುಗಿ ನೋಡಿದರು. ಪ್ರೊಫೆಸರ್ ಬಂದರು, ನಮ್ಮ ಕಡೆ ನೋಡಲಿಲ್ಲ. ಬೋರ್ಡಿನ ಮೇಲೆ ಅರ್ಧ ತುಂಬುವಷ್ಟು ಬರೆದರು. ಚಾಕ್ ಕೆಳಗಿಟ್ಟರು. ತಿರುಗಿದರು. ನಾನು ಇಂಗ್ಲಿಷ್ ಮೇಡಂ, ನನಗೆ ಆ ಲೆಕ್ಕದ ತಲೆಬುಡ ಗೊತ್ತಾಗಲಿಲ್ಲ. ಒಂದೊಂದು ಶಬ್ದವನ್ನೂ ಬಿಡಿಸಿ, ಎಲ್ಲರ ಮುಖ ನೋಡುತ್ತಾ ಹೇಳುತ್ತಿದ್ದರು. ಬೋಳು ತುಟಿಯ ಮೇಲೆ ಬೆವರು ಕಾಣುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ನೋಡಿದರೆ, ಜಯಮ್ಮ ಎರಡೂ ತೋರುಬೆರಳನ್ನು ಎರಡೂ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು ಕೂತಿದ್ದಳು. ಕಣ್ಣು ಮಾತ್ರ ಮೇಷ್ಟ್ರ ಬಾಯಿಯ ಮೇಲೆ. ಒಬ್ಬ ಹುಡುಗ ನೋಡಿ ನಕ್ಕ. ಪ್ರೊಫೆಸರೂ ನೋಡಿದರು. ಅವರು ಕ್ಲಾಸಿಗೆ ಏನೋ ಪ್ರಶ್ನೆ ಹಾಕಿದರು. ಮೂರನೇ ಬೆಂಚಿನಿಂದ ಪವಿತ್ರ ಎದ್ದು ಉತ್ತರ ಹೇಳಿದಳು. "ತಪ್ಪು" ಎಂದರು. ಅವಳು ಕೂರಲಿಲ್ಲ, ಯಾಕೆ ತಪ್ಪು ಎಂದು ಕೇಳಿದಳು. ಅವರು ಹೇಳಿದರು, ಅವಳು ಮತ್ತೆ ಕೇಳಿದಳು. ಹಾಗೆ ಮೂರು ನಾಲ್ಕು ಸಲ ಆಯಿತು. ಜಯಮ್ಮ ಬೆರಳು ತೆಗೆಯದೆಯೇ ಒಮ್ಮೆ ಮಗಳನ್ನೂ ಒಮ್ಮೆ ಮೇಷ್ಟ್ರನ್ನೂ ನೋಡುತ್ತಿದ್ದಳು.

ಗಂಟೆ ಹೊಡೆಯಿತು. ಪ್ರೊಫೆಸರ್ ಕೊನೆಯ ಬೆಂಚಿನ ತನಕ ಬಂದು ನಿಂತರು. ಊರೂರಲ್ಲಿ ಕೇಳಿದ ಹಾಗೆಯೇ ಕೇಳಿದರು.

"ಪಾಠ ಹೆಂಗಿತ್ತಮ್ಮ?"

ಜಯಮ್ಮ ಕಿವಿಯಿಂದ ಬೆರಳು ತೆಗೆದಿದ್ದಳು, ಆದರೂ ಅವರ ತುಟಿಯನ್ನೇ ನೋಡಿ ಪ್ರಶ್ನೆ ತಿಳಿದುಕೊಂಡಳು. "ನಂಗೊಂದೂ ತಿಳೀನಿಲ್ಲ ಸಾ" ಎಂದಳು. ಚೀಲ ಎತ್ತಿಕೊಂಡು ನಿಂತಳು. "ಅವಳಿಗೆ ತಿಳೀತು. ನಾಳಿಂದ ಬತ್ತಾಳೆ."

ಅವರು ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾನು ಕಾದೆ.

"ಒಂಬತ್ತೂವರೆಗೆ ಕ್ಲಾಸು" ಎಂದರು. "ಲೇಟಾಗ್ಬಾರ್ದು."